ಏಪ್ರಿಲ್ ಕರೆಂಟ್ ಬಿಲ್ 214 ಯೂನಿಟ್: ಗೃಹಜ್ಯೋತಿ ಇದ್ದರೂ ಪೂರ್ತಿ ಕಟ್ಟಬೇಕಾ?

ಪ್ರಶ್ನೆ (ರಾಯಚೂರು)
ನಿಜಲಿಂಗಪ್ಪ ಕಾಲೊನಿಯಲ್ಲಿ ಬಾಡಿಗೆಗೆ ಇದ್ದೇವೆ. ಚಳಿಗಾಲದಲ್ಲೆಲ್ಲ ಜೀರೋ ಬಿಲ್. ಮಾರ್ಚ್‌ನಲ್ಲಿ ಸ್ವಲ್ಪ ಕಟ್ಟಿದೆವು. ಏಪ್ರಿಲ್‌ನಲ್ಲಿ ಒಂದೂವರೆ ಸಾವಿರ ದಾಟಿದೆ! 200 ಯೂನಿಟ್ ಉಚಿತ ಅಂದಮೇಲೆ 14 ಯೂನಿಟ್‌ಗೆ ಮಾತ್ರ ದುಡ್ಡು ಬರಬೇಕಲ್ವಾ? ಮನೆಯಲ್ಲಿ ಎರಡು ಫ್ಯಾನ್, ಕೂಲರ್, ಫ್ರಿಜ್, ಒಂದು ಎಚ್‌ಪಿ ಮೋಟರ್. ಎಸಿ ಇಲ್ಲ. ಅತ್ತೆಗೆ ಈ ಬಿಸಿಲು ತಡೆಯುವುದಿಲ್ಲ, ಕೂಲರ್ ನಿಲ್ಲಿಸುವ ಮಾತೇ ಇಲ್ಲ. ಮೇ ತಿಂಗಳಿಗೆ ಎಷ್ಟು ತೆಗೆದಿಡಲಿ?

ಉತ್ತರ (ಗಂಗಾವತಿ)
ಎಲ್ಲರಿಗೂ 200 ಉಚಿತ ಅಲ್ಲ. 2022-23ರಲ್ಲಿ ಆ ಮೀಟರ್‌ನಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ, ನಿಮ್ಮಂಥ ಮನೆಗೆ ಅದರ ಮೇಲೆ ಶೇ 10. ಅಷ್ಟೇ ನಿಮ್ಮ ಪಾಲು. ಅದನ್ನು ದಾಟಿದರೆ ಹೆಚ್ಚಾದದ್ದಕ್ಕೆ ಮಾತ್ರ ಕಟ್ಟಬೇಕು, ಮಾರ್ಚ್‌ನಲ್ಲಿ ಆಗಿದ್ದು ಇದೇ. 200 ದಾಟಿತೋ, ಪೂರ್ತಿ ಬಿಲ್ ನಿಮ್ಮದೇ.

ಉತ್ತರ (ಬಳ್ಳಾರಿ)
ಅಂದರೆ ಆ 14 ಯೂನಿಟ್ ನಿಮಗೆ ತುಂಬಾ ದುಬಾರಿ ಬಿತ್ತು. ಲೆಕ್ಕ ಹಾಕಿ ನೋಡಿ, ಸಾವಿರ ವ್ಯಾಟ್ ಒಂದು ತಾಸು ಓಡಿದರೆ ಒಂದು ಯೂನಿಟ್. 200 ವ್ಯಾಟ್ ಕೂಲರ್ ದಿನಕ್ಕೆ 12 ತಾಸು ಅಂದರೆ ತಿಂಗಳಿಗೆ 72. ಹಳೇ ಫ್ಯಾನ್ 75 ವ್ಯಾಟ್, ಎರಡೂ 16 ತಾಸು ತಿರುಗಿದರೆ ಮತ್ತೆ 72. ಫ್ರಿಜ್ ಸುಮಾರು 30. ಒಂದು ಎಚ್‌ಪಿ ಮೋಟರ್ ಅಂದರೆ ಸುಮಾರು 746 ವ್ಯಾಟ್, ದಿನಾ ಒಂದು ತಾಸು ಓಡಿದರೆ 22. ಇಲ್ಲಿಗೇ 196 ಆಯಿತು! ಲೈಟು, ಟಿವಿ, ಮಿಕ್ಸಿ ಇನ್ನೂ ಸೇರಿಸಿಲ್ಲ.

ಕೂಲರ್ ಮುಟ್ಟಬೇಡಿ, ಹಿರಿಯರಿಗೆ ಗಾಳಿ ಬೇಕೇ ಬೇಕು. ಫ್ಯಾನ್ ಬದಲಿಸಿ. ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ತಿನ್ನುವ, ಬ್ರಷ್ ಇಲ್ಲದ ಮೋಟರ್‌ನದು) 30 ವ್ಯಾಟ್ ಅಷ್ಟೇ ಎಳೆಯುತ್ತದೆ, ಎರಡರಿಂದ ತಿಂಗಳಿಗೆ 43 ಯೂನಿಟ್ ಉಳಿಯುತ್ತದೆ. ಬಾಡಿಗೆ ಮನೆ ಬಿಟ್ಟಾಗ ಬಿಚ್ಚಿಕೊಂಡು ಹೋಗಬಹುದು. ಜೊತೆಗೆ ಪ್ರತಿ ಭಾನುವಾರ ಮೀಟರ್ ನೋಡಿ ಬರೆದಿಡಿ. ವಾರಕ್ಕೆ 45 ಮೀರಿದರೆ ಎಚ್ಚರ. ಫ್ಯಾನ್ ಬದಲಿಸುವವರೆಗೆ ಏಪ್ರಿಲ್‌ನಷ್ಟೇ ದುಡ್ಡು ತೆಗೆದಿಡಿ.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್. ನೀವು ಮೋಟರ್ ಅಂದಾಗಲೇ ಹೊಳೆಯಿತು, ನಮ್ಮ ಮೋಟರ್‌ನಿಂದಲೇ ಮೇಲಿನ ಮನೆಯ ಟ್ಯಾಂಕೂ ತುಂಬುತ್ತದೆ, ಕರೆಂಟ್ ಮಾತ್ರ ನಮ್ಮ ಮೀಟರ್‌ದು.

ಉತ್ತರ (ಗಂಗಾವತಿ)
ಹಾಗಾದರೆ ಮೊದಲು ಓನರ್ ಹತ್ತಿರ ಮಾತಾಡಿ. ಮೋಟರ್ ಲೈನ್ ಬೇರೆ ಮೀಟರ್‌ಗೆ ಹಾಕಿಸಲಿ, ಇಲ್ಲವೇ ಬಾಡಿಗೆಯಲ್ಲಿ ಅಷ್ಟು ಕಳೆಯಲಿ. ಫ್ಯಾನ್ ಆಮೇಲೆ ತಂದರಾಯಿತು.