ಸಹಾಯ ಬೇಕು: ಸಿಮ್ಯುಲೇಟರ್‌ನಲ್ಲಿ ಸೆಸ್ನಾ 172ರ ಮೂಗು ಹತೋಟಿಗೆ ಬರುತ್ತಿಲ್ಲ

ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್‌ಗೆ ಹಾಕಿಕೊಂಡಿರುವ ಸೆಸ್ನಾ 172 (ಒಂದೇ ಎಂಜಿನ್ನಿನ ಸಣ್ಣ ವಿಮಾನ) ಆಡ್-ಆನ್ ಒಂದರಲ್ಲಿ ಪಿಚ್, ಅಂದರೆ ಮೂಗು ಮೇಲೆ-ಕೆಳಗೆ ಆಗುವುದು, ವಿಪರೀತ ಚುರುಕು. ಯೋಕ್ (ವಿಮಾನದ ಸ್ಟೀರಿಂಗ್) ಸ್ವಲ್ಪ ಎಳೆದರೂ ಮೂಗು ಗಾಳಿಪಟದ ಹಾಗೆ ಮೇಲೇಳುತ್ತದೆ, ಕೈ ಬಿಟ್ಟ ಮೇಲೂ ಓಲಾಡುತ್ತಲೇ ಇರುತ್ತದೆ. ನಿಜವಾದ 172 ಇಷ್ಟು ತುಂಟ ವಿಮಾನ ಅಲ್ಲ, ಅಲ್ವಾ?

ಯೋಕ್ ಸೆನ್ಸಿಟಿವಿಟಿ ಇಳಿಸಿ ನೋಡಿದೆ, ಉಪಯೋಗವಾಗಲಿಲ್ಲ. ಆಮೇಲೆ ವಿಮಾನ ಹಾರುವ ರೀತಿಯನ್ನು ನಿರ್ಧರಿಸುವ ಫ್ಲೈಟ್ ಮಾಡೆಲ್ ಫೈಲ್ ತೆರೆದು ಎಲಿವೇಟರ್ (ಮೂಗು ಏರಿಸಿ ಇಳಿಸುವ ಬಾಲದ ರೆಕ್ಕೆಭಾಗ) ಎಫೆಕ್ಟಿವ್‌ನೆಸ್ 1.0 ಇದ್ದದ್ದನ್ನು 0.7 ಮಾಡಿದೆ. ಮೇಲೆ ಹಾರುವಾಗ ಈಗ ಪರವಾಗಿಲ್ಲ, ಆದರೆ ಫುಲ್ ಫ್ಲಾಪ್ ಹಾಕಿ (ರೆಕ್ಕೆಯ ಹಿಂಭಾಗದ ಪಟ್ಟಿಗಳನ್ನು ಪೂರ್ತಿ ಇಳಿಸಿ) 60 ನಾಟ್ ವೇಗದ ಹತ್ತಿರ ಇಳಿಯುವಾಗ ಯೋಕ್ ಪೂರ್ತಿ ಎಳೆದರೂ ಫ್ಲೇರ್ (ನೆಲ ಮುಟ್ಟುವ ಮುಂಚೆ ಮೂಗು ಎತ್ತುವುದು) ಆಗುವುದಿಲ್ಲ, ಮುಂದಿನ ಚಕ್ರವೇ ಮೊದಲು ನೆಲಕ್ಕೆ ಬಡಿಯುತ್ತದೆ.

ಅದೇ ಫೈಲ್‌ನಲ್ಲಿ ಪಿಚ್ ಸ್ಟೆಬಿಲಿಟಿ (ಮೂಗಿನ ಸ್ಥಿರತೆ), ಪಿಚ್ ಮೊಮೆಂಟ್ ಆಫ್ ಇನರ್ಷಿಯಾ (ಮೂಗು ತಿರುಗುವುದಕ್ಕೆ ವಿಮಾನ ತೋರುವ ಜಡತ್ವ) ಎರಡೂ ಇವೆ. ಎಲಿವೇಟರನ್ನು ಮತ್ತೆ 1.0ಕ್ಕೇ ತಂದು, ಈ ಎರಡರಲ್ಲಿ ಯಾವುದನ್ನು ಮೊದಲು ಜಾಸ್ತಿ ಮಾಡಬೇಕು, ಸುಮಾರು ಎಷ್ಟು?