ಬೈಬಲ್ಲಿನ ವಂಶಾವಳಿಗಳನ್ನು ಓದದೆ ಬಿಡಬಹುದೇ?

ಕರಾವಳಿ ಓದುಗ: ಯೇಸುವಿನ ವಂಶಾವಳಿಯಿರುವ ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯ ಬಂದ ಕೂಡಲೇ ಪುಟ ಮಗುಚುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಆ ಹೆಸರುಗಳ ಮೇಲೆ ಜನರ ಬದುಕೇ ನಿಂತಿತ್ತು. ಬಾಬೆಲಿನ ಸೆರೆಯಿಂದ ಮರಳಿದ ಕೆಲವು ಯಾಜಕ ಮನೆತನದವರು ತಮ್ಮ ವಂಶಾವಳಿಯ ಪತ್ರಗಳನ್ನು ಹುಡುಕಿದರೂ ಸಿಗದೆ ಯಾಜಕ ಸೇವೆಯಿಂದ ಹೊರಗುಳಿದರೆಂದು ಎಜ್ರನ 2ನೆಯ ಅಧ್ಯಾಯದಲ್ಲಿದೆ.

ಪ್ರಶ್ನೆಗಾರ: ಪತ್ರಕ್ಕೆ ಅಷ್ಟು ಬೆಲೆಯಿದ್ದರೆ ಮತ್ತಾಯ 1:8ರಲ್ಲಿ ಯೆಹೂದದ ಅರಸ ಯೋರಾಮನಾದ ಮೇಲೆ ನೇರವಾಗಿ ಉಜ್ಜೀಯ ಬರುವುದು ಹೇಗೆ? ನಡುವೆ ಆಳಿದ ಅಹಜ್ಯ, ಯೋವಾಷ, ಅಮಚ್ಯರು 1 ಪೂರ್ವಕಾಲವೃತ್ತಾಂತ 3ನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ಇದ್ದಾರೆ. ಅಬ್ರಹಾಮನಿಂದ ಕ್ರಿಸ್ತನವರೆಗೆ ಹದಿನಾಲ್ಕು ಹದಿನಾಲ್ಕರಂತೆ ಮೂರು ಸಾಲು ತಲೆಮಾರುಗಳ ಲೆಕ್ಕ ಕೂಡಿಬರಲೆಂದು ಮೂವರು ಅರಸರನ್ನೇ ಕೈಬಿಟ್ಟ ಪಟ್ಟಿಯನ್ನು ದಾಖಲೆಯೆಂದು ನಾನು ಒಪ್ಪಲಾರೆ.

ವಾಕ್ಯಸೇವಕ: "ಕೈಬಿಟ್ಟ" ಎಂಬ ಮಾತು ಸರಿಯಲ್ಲ. ಯೋರಾಮನು ಇಸ್ರಾಯೇಲಿನ ಅರಸ ಅಹಾಬನ ಮಗಳನ್ನು ಮದುವೆಯಾಗಿ ಆ ಮನೆಯ ದುರ್ಮಾರ್ಗವನ್ನು ಹಿಡಿದನು. ವಿಗ್ರಹಾರಾಧನೆಯ ಫಲ ಮೂರು ನಾಲ್ಕು ತಲೆಮಾರುಗಳಿಗೆ ತಟ್ಟುತ್ತದೆಂದು ವಿಮೋಚನಕಾಂಡ 20:5 ಹೇಳುತ್ತದೆ. ಇಲ್ಲಿ ಬಿಟ್ಟುಹೋಗಿರುವುದೂ ಮೂರೇ ತಲೆಮಾರು.

ಪ್ರಶ್ನೆಗಾರ: ವಿಗ್ರಹಾರಾಧನೆಯೇ ಕಾರಣವಾದರೆ, ಯೆಹೋವನ ಆಲಯದ ಅಂಗಳಗಳಲ್ಲೇ ಅನ್ಯದೇವತೆಗಳಿಗೆ ಬಲಿಪೀಠ ಕಟ್ಟಿಸಿದ ಮನಸ್ಸೆಯ ಹೆಸರು ಅದೇ ಪಟ್ಟಿಯಲ್ಲಿ ಹೇಗೆ ಉಳಿಯಿತು?

ವಾಕ್ಯಸೇವಕ: ಮನಸ್ಸೆ ಸೆರೆಯಲ್ಲಿ ದೇವರ ಮುಂದೆ ತಗ್ಗಿಸಿಕೊಂಡನು. 2 ಪೂರ್ವಕಾಲವೃತ್ತಾಂತ 33ನ್ನು ಪೂರ್ತಿ ಓದದೆ ವಾದಕ್ಕೆ ಬರಬೇಡಿ.

ಕರಾವಳಿ ಓದುಗ: ಬಿಟ್ಟವರ ಲೆಕ್ಕದಲ್ಲಿಯೇ ಮುಳುಗಿದ್ದೀರಿ, ಮತ್ತಾಯನು ಸೇರಿಸಿಕೊಂಡವರನ್ನು ನೋಡಿ. ಮಾವನಿಂದ ನ್ಯಾಯ ಸಿಗದ ತಾಮಾರಳು, ಯೆರಿಕೋವಿನ ಸೂಳೆಯಾಗಿದ್ದ ರಾಹಾಬಳು, ಮೋವಾಬಿನಿಂದ ಬಂದ ವಿಧವೆ ರೂತಳು, ದಾವೀದನು ತನ್ನವಳಾಗಿಸಿಕೊಂಡ ಊರೀಯನ ಹೆಂಡತಿ. ಅರಸನ ವಂಶವನ್ನು ಹೊಗಳಲು ಬರೆದವನು ಇವರನ್ನು ಮುಚ್ಚಿಡುತ್ತಿದ್ದನೇ ಹೊರತು ಮೊದಲ ಆರು ವಚನಗಳಲ್ಲೇ ತಂದಿಡುತ್ತಿರಲಿಲ್ಲ.

ಹಳ್ಳಿ ಶಿಕ್ಷಕ: "ಅರಸನ ವಂಶ" ಎಂದಿರಲ್ಲ, ಯಾವ ವಂಶ? ಮತ್ತಾಯನು ಸೊಲೊಮೋನನ ಮೂಲಕ ಬಂದು ಮರಿಯಳ ಗಂಡ ಯೋಸೇಫನ ತಂದೆ ಯಾಕೋಬನೆನ್ನುತ್ತಾನೆ. ಲೂಕನು ದಾವೀದನ ಇನ್ನೊಬ್ಬ ಮಗನಾದ ನಾತಾನನ ಮೂಲಕ ಹೋಗಿ ಅದೇ ಯೋಸೇಫನ ತಂದೆ ಹೇಲಿ ಎನ್ನುತ್ತಾನೆ. ಸತ್ತ ಅಣ್ಣನ ಹೆಂಡತಿಯನ್ನು ತಮ್ಮನು ಮದುವೆಯಾಗುವ ಧರ್ಮೋಪದೇಶಕಾಂಡ 25ರ ಕಟ್ಟಳೆಯಿಂದ ಒಬ್ಬನಿಗೆ ಇಬ್ಬರು ತಂದೆಯರಾದರೆಂದು 3ನೆಯ ಶತಮಾನದಲ್ಲಿ ಕ್ರೈಸ್ತ ಲೇಖಕ ಜೂಲಿಯಸ್ ಆಫ್ರಿಕಾನಸ್ ವಿವರಿಸಿದ್ದನು. ಅದನ್ನು ಇಲ್ಲಿ ಯಾರಾದರೂ ಒಪ್ಪುತ್ತೀರಾ?

ಪ್ರಶ್ನೆಗಾರ: ಲೂಕನ ವಿಷಯ ಆಮೇಲೆ. ವಾಕ್ಯಸೇವಕರೇ, ಯೋವಾಷನು ಆಲಯವನ್ನು ಜೀರ್ಣೋದ್ಧಾರ ಮಾಡಿಸಿದ ಅರಸನು. ಅವನ ಹೆಸರು ಹೋಯಿತು, ಆಲಯವನ್ನು ಹೊಲೆ ಮಾಡಿದವನ ಹೆಸರು ಉಳಿಯಿತು. ಇದು ಯಾವ ನ್ಯಾಯ?

ವಾಕ್ಯಸೇವಕ: ಅದೇ ಯೋವಾಷನು ತನ್ನನ್ನು ಸಾಕಿ ಪಟ್ಟಕ್ಕೇರಿಸಿದ ಯಾಜಕ ಯೆಹೋಯಾದನ ಮಗ ಜೆಕರ್ಯನನ್ನು ಆಲಯದ ಅಂಗಳದಲ್ಲಿ ಕಲ್ಲೆಸೆದು ಕೊಲ್ಲಿಸಿದನು. ಅರ್ಧ ಕಥೆ ಹೇಳಿ ಗೆಲ್ಲುವ ಚಾಳಿಯನ್ನು ದಯವಿಟ್ಟು ಬಿಡಿ.

ಪ್ರಶ್ನೆಗಾರ: ಕೊಲೆಗಾಗಿ ಹೆಸರು ಅಳಿಯುವುದಾದರೆ, ಊರೀಯನನ್ನು ಕೊಲ್ಲಿಸಿದ ದಾವೀದನ ಹೆಸರು ಮತ್ತಾಯನ ಮೊದಲ ವಚನದಲ್ಲೇ ಏಕಿದೆ?

ವಾಕ್ಯಸೇವಕ: ದಾವೀದನ ಪಶ್ಚಾತ್ತಾಪದ ಪ್ರಾರ್ಥನೆಯಾದ 51ನೆಯ ಕೀರ್ತನೆಯನ್ನು ಓದಿ. ನಿಮಗೆ ಬೇಕಾಗಿರುವುದು ಉತ್ತರವಲ್ಲ, ಜಗಳ.

ಹಳ್ಳಿ ಶಿಕ್ಷಕ: ಹೇಲಿಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ.