ಬಂಗಾರದ ಪುಡಿ ಎಲಿ ಬಿಟ್ಟು ಹಾಳಿ ತುಂಬ ಕುಂದ್ರಾಕತ್ತೈತಿ, ಏನ್ ಮಾಡ್ಲಿ?

ಬನ್ನಿಎಲಿ (ಧಾರವಾಡ)
ದಸರಾಕ್ಕ ಬನ್ನಿ ಕೊಡೂಮುಂದ ಜೋಡಿ ಒಂದು ಕಾರ್ಡ್ ಕೊಡೂಣಂತ 40 ಕಾರ್ಡ್ ಮಾಡಾಕ ಕುಂತೀನ್ರಿ. ದೊಡ್ಡ ಇರೇಸರ್ ಕೆತ್ತಿ ಬನ್ನಿ ಟೊಂಗಿ ಸ್ಟಾಂಪ್ ಮಾಡೀನಿ. ಕೆಂಪು ಹಾಳಿ, ಮ್ಯಾಲ ಗೋಲ್ಡ್ ಎಂಬಾಸಿಂಗ್ ಪೌಡರ್ (ಕಾಯಿಸಿದ್ರ ಕರಗಿ ಉಬ್ಬಿ ನಿಲ್ಲೂ ಬಂಗಾರ ಬಣ್ಣದ ಪುಡಿ). ಎಲಿ ಮ್ಯಾಲ ಪುಡಿ ಅರ್ಧಮರ್ಧ ಹತ್ತತೈತಿ, ಸುತ್ತಲಿನ ಖಾಲಿ ಜಾಗಾದಾಗ ಮಾತ್ರ ಭಂಡಾರ ತೂರಿದಂಗ ಕುಂದ್ರತೈತಿ. ಝಾಡಿಸಿದ್ರೂ ಹೋಗವಲ್ದು, ಕಾಯಿಸಿದ್ರ ಅಲ್ಲೇ ಕರಗಿ ಗಟ್ಟಿ ಆಗತೈತಿ.

ಇಂಕು ಮನಿಯವರ ಆಫೀಸಿನ ನೇರಳೆ ಸ್ಟಾಂಪ್ ಪ್ಯಾಡು. ಹೇರ್ ಡ್ರೈಯರ್ ಹಿಡಿದ್ರ ಪುಡಿನ ಹಾರಿಹೋತು. ಅದಕ್ಕ ಈಗ ಇಸ್ತ್ರಿಪೆಟ್ಟಿಗಿ ಬೋರಲ ಮಾಡಿ, ಹಾಳಿನ ಹಿಂದ್ಲಿಂದ ಕಾಯಿಸಾಕತ್ತೀನಿ. ವಾರದಿಂದ ಇಲ್ಲಿ ಜಿಟಿಜಿಟಿ ಮಳಿ.

ರಂಗೋಲಿಡಬ್ಬಿ (ಹುಬ್ಬಳ್ಳಿ)
ಸ್ಟ್ಯಾಟಿಕ್ ರೀ ಅಕ್ಕಾರ, ಹಾಳಿಯಾಗಿನ ಸಣ್ಣ ಕರೆಂಟು ಪುಡಿ ಎಳಕೊಳ್ಳತೈತಿ. ಟಾಲ್ಕಮ್ ಪೌಡರ್ ಬಡೀರಿ, ಸಾಕು.

ಬನ್ನಿಎಲಿ
ಬಡದೆ. ಖಾಲಿ ಜಾಗಾ ಸ್ವಚ್ಛ ಆತು ಖರೆ, ಆದ್ರ ಎಲಿ ಮ್ಯಾಲೂ ಪುಡಿ ನಿಲ್ಲವಲ್ದು! ಹತ್ತಿದ್ದೂ ಮಂಕು.

ಮೊಳೆಜೋಡಿಸೋವ (ಗದಗ)
ತಂಗಿ, ಇದು ಒಂದ ರೋಗ ಅಲ್ಲ, ಎರಡು. ನಾನು ಪ್ರೆಸ್ಸಿನ್ಯಾಗ ಕೂದಲ ಹಣ್ಣ ಮಾಡ್ಕೊಂಡಾಂವ. ಲಗ್ನಪತ್ರಿಕಿ ಮ್ಯಾಲ ಉಬ್ಬಿದ ಅಕ್ಷರ ನೋಡೀಯಲ್ಲ, ಅದೂ ಇದೇ ವಿದ್ಯಾನ. ಹಸಿ ಇಂಕಿನ ಮ್ಯಾಲ ರಾಳದ ಪುಡಿ ಉದುರಿಸೂದು, ಹೆಚ್ಚಿಂದು ತಗಿಯೂದು, ಕಾವಿನ ಕೆಳಗ ಹಾಯಿಸೂದು. ಇಂಕು ಹಸಿ ಇರಬೇಕು, ಅಷ್ಟ.

ಆಫೀಸಿನ ಇಂಕನ್ನ ಹಾಳಿ ಗಕ್ಕನ ಕುಡಿತೈತಿ. ನೀ ಪುಡಿ ಡಬ್ಬಿ ತಗಿಯೂದ್ರೊಳಗ ಒಣಗಿರತೈತಿ. ನಿಧಾನ ಒಣಗೂ ಪಿಗ್ಮೆಂಟ್ ಇಂಕು, ಇಲ್ಲಾ ಬಣ್ಣ ಇಲ್ಲದ ಎಂಬಾಸಿಂಗ್ ಇಂಕು ತಗೊ. ಸಿಗಲಿಲ್ಲಂದ್ರ ಗ್ಲಿಸರಿನ್ ಸ್ಪಂಜಿಗಿ ತೆಳ್ಳಗ ಸವರಿ, ರದ್ದಿ ಹಾಳಿ ಮ್ಯಾಲ ಒತ್ತಿ ನೋಡು. ಇರೇಸರ್ ನುಣುಪು ಇದ್ರ ಇಂಕು ಹನಿಹನಿ ಆಗತೈತಿ. ಸಣ್ಣ ಪಾಲಿಶ್ ಕಾಗದ ಒಂದೆರಡ ಸಲ ಹಗೂರಕ ಆಡಿಸು.

ಎರಡನೇದು ಥಂಡಿ. ಮಳಿಗಾಲದಾಗ ಹಾಳಿ ತೇವ ಎಳೀತೈತಿ, ಪುಡಿ ಅದಕ್ಕ ಅಂಟತೈತಿ. ಬೆರಳಿನ ಎಣ್ಣಿಗೂ ಹಂಗ. ಮೊದ್ಲ ಬರೇ ಹಾಳಿ ಕಾಯಿಸಿ ಆರಿಸು. ಆಮ್ಯಾಲ ಅರಿವಿ ಗಂಟಿನ್ಯಾಗ ಟಾಲ್ಕಮ್ ಕಟ್ಟಿ, ಒತ್ತೂಕಿಂತ ಮೊದ್ಲ ತಟ್ಟು. ನೀ ಒತ್ತಿದ ಮ್ಯಾಲ ಬಡದಿರಬೇಕು, ಇಂಕೆಲ್ಲಾ ಅದ ಕುಡೀತು. ಮಂಕಿಗೂ ಅದ ಕಾರಣ. ಉಳಿದ ಪುಡಿ ಕಾಯಿಸೂಕಿಂತ ಮೊದ್ಲ ಒಣ ಬ್ರಷ್‌ಲೆ ತಗಿ. ಮಿಂಚು ಬಂದ ಕೂಡ್ಲೆ ಹಾಳಿ ಎತ್ತು. ಹೆಚ್ಚ ಕಾದ್ರ ಗೋಲ್ಡು ಹಾಳಿಯೊಳಗ ಇಳಿದು ಜಿಡ್ಡಿನಂಗ ಕಾಣತೈತಿ.

ರಂಗೋಲಿಡಬ್ಬಿ
ನನ್ನ ಸಲಹಾ ಅರ್ಧ ಬರದಂಗಾತು, ತಪ್ಪಾತ್ರಿ.

ಬನ್ನಿಎಲಿ
ಕಾಕಾರ, ಒತ್ತಿದ ಮ್ಯಾಲನ ಬಡದಿದ್ದೆ, ನೋಡಿದಂಗ ಹೇಳೀರಿ. ಗ್ಲಿಸರಿನ್‌ಲೆ ನಿನ್ನೆ 9 ಮಾಡಿದೆ, 7 ಪಾಸು. ಎಲಿ ಎಲಿ ಬಿಡಿಬಿಡಿ ಕಾಣತಾವ. ಕೆಟ್ಟ 2 ಗ್ಲಿಸರಿನ್ ಹೆಚ್ಚಾಗಿ ಹರಡಿದ್ವು. ಆದ್ರ ಇಸ್ತ್ರಿ ಮ್ಯಾಲ ಹಿಡಿದು ಹಾಳಿ ಹಪ್ಪಳದಂಗ ಡೊಂಕ ಆಗ್ಯಾವ.

ಮೊಳೆಜೋಡಿಸೋವ
ಪೂರ್ತಿ ಆರಿದ ಮ್ಯಾಲ, ನಡುವ ಬಿಳಿ ಹಾಳಿ ಇಟ್ಟು ದಪ್ಪ ಪುಸ್ತಕದ ಕೆಳಗ ರಾತ್ರಿ ಇಡು. ಬಿಸಿ ಇದ್ದಾಗ ಇಟ್ಟಿ ಅಂದ್ರ ಬಂಗಾರ ಪುಸ್ತಕಕ್ಕ ಹೋಗತೈತಿ.